ಹಳೇ ಮಾರುತಿ 800ರ ಹೋಸ್ ಯಾವಾಗ ಬದಲಿಸಬೇಕು?

ಹಳೇ ಮಾರುತಿ 800 ಇಟ್ಟುಕೊಂಡವರು ಆಯಿಲ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಎಂಜಿನ್ ತಣ್ಣಗಿಡುವ ದ್ರವ (ಕೂಲಂಟ್) ಹರಿಯುವ ರಬ್ಬರ್ ಪೈಪು, ಅಂದರೆ ರೇಡಿಯೇಟರ್ ಹೋಸ್ ಕಡೆ ಮಾತ್ರ ನೋಡುವುದಿಲ್ಲ. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಆದರೆ ಅದು ಒಳಗಿನಿಂದಲೂ ಹಾಳಾಗುತ್ತದೆ, ಜಾಸ್ತಿ ಅದರ ತುದಿಯನ್ನು ಬಿಗಿಹಿಡಿಯುವ ಕ್ಲಾಂಪ್ ಹತ್ತಿರ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅಲ್ಲಿ ಒತ್ತಿ ನೋಡಿ. ನಡುಭಾಗಕ್ಕಿಂತ ಮೆತ್ತಗಿದ್ದರೆ, ಉಬ್ಬಿದ್ದರೆ, ಬಿರುಕು ಕಂಡರೆ ಬದಲಿಸಿ. ಹತ್ತು ವರ್ಷ ದಾಟಿದ್ದಾದರೆ ನಾನಂತೂ ಒತ್ತಿ ನೋಡುವುದಕ್ಕೂ ಹೋಗುವುದಿಲ್ಲ, ಮುಂದಿನ ಸಲ ಕೂಲಂಟ್ ಬದಲಿಸುವಾಗ ಮೇಲಿನದು, ಕೆಳಗಿನದು, ಹೀಟರ್‌ದು ಎಲ್ಲ ಒಟ್ಟಿಗೆ ಹಾಕಿಸುತ್ತೇನೆ, ಹೇಗೂ ಕೂಲಂಟ್ ಖಾಲಿ ಮಾಡಲೇಬೇಕು, ಅಲ್ವಾ? ಕ್ಲಾಂಪ್‌ಗಳೂ ಹೊಸವೇ ಇರಲಿ.

ಪೆಟ್ರೋಲ್ ಪೈಪಿಗೆ ಇಷ್ಟು ಕಾಯಬೇಡಿ. ಈಗ ಬಂಕಿನಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.