ಹಡಗಿನ ಊಟ: ಮೊದಲ ಪಂಕ್ತಿಯೋ, ಎರಡನೆಯದೋ?

ಹಡಗಿನ ಪ್ರವಾಸಕ್ಕೆ ಟಿಕೆಟ್ ಮಾಡಿಸುವಾಗ ಎಲ್ಲರೂ ಕೋಣೆಗೆ ಕಿಟಕಿ ಇದೆಯೇ, ಬಾಲ್ಕನಿ ಇದೆಯೇ ಎಂದು ಕೇಳುತ್ತಾರೆ. ರಾತ್ರಿಯ ಊಟ ಎಷ್ಟು ಗಂಟೆಗೆ ಎಂದು ಕೇಳುವವರು ಕಡಿಮೆ. ಅಡಿಕೆ ಕೊಯ್ಲು, ಸುಲಿತ, ಒಣಗಿಸುವ ಕೆಲಸ ಎಲ್ಲ ಮುಗಿದು ಮಳೆಗಾಲ ಇನ್ನೂ ದೂರವಿರುವ ದಿನಗಳಲ್ಲಿ ಮನೆಯ ಹಿರಿಯರನ್ನು ಕರೆದುಕೊಂಡು ಸಿಂಗಪುರದಿಂದ ಹಡಗು ಹತ್ತಬೇಕೆಂದಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನೆಂಟರು ವಿಚಾರಿಸಿದಾಗ ನಾನು ಮೊದಲು ಎತ್ತುವುದು ಊಟದ ಹೊತ್ತಿನ ವಿಷಯವನ್ನೇ. ಹಡಗು ಯಾವ ಬಂದರಿಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ ಎಂಬ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಊಟದ ಹೊತ್ತನ್ನು ಆರಿಸಿ. ಅದೊಂದು ಸರಿಯಾದರೆ ದಡದ ಸುತ್ತಾಟ, ಹಿರಿಯರ ಮಾತ್ರೆ, ಮಕ್ಕಳ ನಿದ್ದೆ ಎಲ್ಲವೂ ಹದಕ್ಕೆ ಬರುತ್ತವೆ.

ದೊಡ್ಡ ಹಡಗಿನ ಮುಖ್ಯ ಊಟದ ಸಭಾಂಗಣದಲ್ಲಿ ನಮ್ಮ ಮದುವೆಮನೆಯ ಹಾಗೆಯೇ ಪಂಕ್ತಿಗಳಿರುತ್ತವೆ. ಮೊದಲನೆಯದು ಸಾಮಾನ್ಯವಾಗಿ ಸಂಜೆ ಐದೂವರೆ ಅಥವಾ ಆರಕ್ಕೆ, ಎರಡನೆಯದು ಎಂಟರ ಸುಮಾರಿಗೆ. ಯಾವುದು ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಬೇಕು. ಆಮೇಲೆ ಪ್ರತಿ ರಾತ್ರಿಯೂ ಅದೇ ಹೊತ್ತು, ಅದೇ ಮೇಜು, ಅದೇ ಬಡಿಸುವವರು. ಊಟಕ್ಕೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಮೊದಲ ಪಂಕ್ತಿ ಎದ್ದ ಮೇಲೆ ಅದೇ ಮೇಜನ್ನು ಎರಡನೆಯವರಿಗೆ ಅಣಿ ಮಾಡಬೇಕಾದ್ದರಿಂದ ಮೊದಲ ಪಂಕ್ತಿಗೆ ತಡವಾಗಿ ಹೋದವರು ಅವಸರದಲ್ಲಿ ಉಣ್ಣಬೇಕಾಗುತ್ತದೆ. ಇದಲ್ಲದೆ ಹೊತ್ತು ಗೊತ್ತುಮಾಡದ ಊಟವೂ ಇದೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅದಕ್ಕೆ ‘ಮೈ ಟೈಮ್ ಡೈನಿಂಗ್’ ಎಂದು ಹೆಸರು. ನಾರ್ವೇಜಿಯನ್ ಕ್ರೂಸ್ ಲೈನ್ ಅಂತೂ ಪಂಕ್ತಿಯ ಪದ್ಧತಿಯನ್ನೇ ಇಟ್ಟುಕೊಂಡಿಲ್ಲ. ಮೇಲಿನ ಅಂತಸ್ತಿನಲ್ಲಿ ಬಫೆ ಇದ್ದೇ ಇರುತ್ತದೆ. ಬೇರೆ ದುಡ್ಡು ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟ್‌ಗಳೂ ಇವೆ. ಅನ್ನ, ಸಾರು, ಮಜ್ಜಿಗೆಯ ನಾಲಿಗೆಗೆ ಅವುಗಳ ಅಗತ್ಯ ನನಗೆ ಕಾಣಲಿಲ್ಲ.

ಪೂರ್ವದ ಕಡೆಗೆ ಹೋಗುವವರಿಗೆ ಎರಡನೇ ಪಂಕ್ತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಆರು ಎಂದರೆ ಊರಿನಲ್ಲಿ ಮಧ್ಯಾಹ್ನ ಮೂರೂವರೆ. ಊಟ ಮುಗಿಸಿ ಒಂದು ನಿದ್ದೆ ತೆಗೆದು ಏಳುವ ಹೊತ್ತಿನಲ್ಲಿ ಮತ್ತೆ ಊಟಕ್ಕೆ ಕುಳಿತರೆ ಯಾರಿಗೆ ತಾನೇ ಸೇರುತ್ತದೆ? ಅಲ್ಲಿ ರಾತ್ರಿ ಎಂಟು ಎಂದರೂ ನಮ್ಮ ಐದೂವರೆಯೇ. ಆದರೆ ಹಗಲಿಡೀ ಬಿಸಿಲಿನಲ್ಲಿ ಸುತ್ತಾಡಿ ಬಂದ ಮೈಗೆ ಆ ಹೊತ್ತಿಗೆ ಹಸಿವಾಗಿರುತ್ತದೆ. ಇನ್ನೊಂದು ಸಂಗತಿ: ಸಿಂಗಪುರದಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಏಳರ ಆಸುಪಾಸಿಗೆ. ಮುಸ್ಸಂಜೆಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ ಉಣ್ಣಬಾರದು ಎಂದು ನಂಬಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಮೊದಲ ಪಂಕ್ತಿ ಸರಿಯಾಗಿ ಆ ಹೊತ್ತಿಗೇ ತಾಗುತ್ತದೆ. ನಮ್ಮ ಅಪ್ಪಯ್ಯನಿಗೆ ಸಂಜೆ ಜಪ ಮುಗಿಸಿ, ಸ್ವಲ್ಪ ಹೊತ್ತು ಡೆಕ್ಕಿನ ಮೇಲೆ ಗಾಳಿಗೆ ಕುಳಿತು, ಆಮೇಲೆ ಊಟಕ್ಕೆ ಏಳುವುದು ಎರಡನೇ ಪಂಕ್ತಿಯಿಂದಲೇ ಸಾಧ್ಯವಾಯಿತು.

ಟಿಕೆಟ್ ಮಾಡಿಸಿದ ಏಜೆಂಟರು ನಮ್ಮನ್ನು ಒಂದು ಮಾತೂ ಕೇಳದೆ ಮೊದಲ ಪಂಕ್ತಿ ಹಾಕಿದ್ದರು. ಅತ್ತಿಗೆ ಕಾಗದವನ್ನು ಪೂರ್ತಿ ಓದುವ ಸ್ವಭಾವದವರಾದ್ದರಿಂದ ಅದು ಹೊರಡುವ ಮುಂಚೆಯೇ ಕಣ್ಣಿಗೆ ಬಿತ್ತು, ಫೋನ್ ಮಾಡಿ ಬದಲಾಯಿಸಿಕೊಂಡೆವು. ನೀವೂ ಟಿಕೆಟ್ ಕೈಗೆ ಬಂದ ದಿನವೇ ನೋಡಿ. ಹಲವು ಮನೆಯವರು ಒಟ್ಟಿಗೆ ಹೋಗುವುದಾದರೆ ಒಬ್ಬರ ಬುಕಿಂಗ್ ಸಂಖ್ಯೆಯನ್ನು ಇನ್ನೊಬ್ಬರದಕ್ಕೆ ಜೋಡಿಸಲು ಹೇಳಿ. ಇಲ್ಲವಾದರೆ ಚಿಕ್ಕಪ್ಪನ ಮನೆಯವರು ಮೊದಲ ಪಂಕ್ತಿಯಲ್ಲಿ, ನೀವು ಎರಡನೆಯದರಲ್ಲಿ, ಇಡೀ ಪ್ರವಾಸದಲ್ಲಿ ಒಂದು ರಾತ್ರಿಯೂ ಜೊತೆಗೆ ಉಣ್ಣಲಾಗದು. ಮೊದಲೇ ಬದಲಾಯಿಸಲು ಆಗದಿದ್ದರೆ ಹಡಗು ಹತ್ತಿದ ಮಧ್ಯಾಹ್ನವೇ ಊಟದ ಸಭಾಂಗಣದ ಮುಖ್ಯಸ್ಥರನ್ನು ಹುಡುಕಿಕೊಂಡು ಹೋಗಿ. ಸಂಜೆಯಾದರೆ ಅದೇ ಬೇಡಿಕೆಯವರ ಸಾಲು ಉದ್ದವಾಗಿರುತ್ತದೆ.

ಹೊತ್ತು ಗೊತ್ತಿಲ್ಲದ ಊಟವೇ ಅನುಕೂಲವಲ್ಲವೇ ಎಂದು ಕೇಳಬಹುದು. ಬಂದರುಗಳಲ್ಲಿ ತಿರುಗಾಡುವ ಯುವಕರಿಗೆ ಹೌದು. ಕಟ್ಟುನಿಟ್ಟಿನ ಸಸ್ಯಾಹಾರಿ ಹಿರಿಯರು ಜೊತೆಗಿದ್ದರೆ ಒಂದೇ ಮೇಜು, ಒಬ್ಬರೇ ಬಡಿಸುವವರು ಸಿಗುವುದು ದೊಡ್ಡ ಭಾಗ್ಯ. ಮೊದಲ ರಾತ್ರಿ ಹೇಳಿದರೆ ಸಾಕು: ಮೊಟ್ಟೆ ಬೇಡ, ಮೀನು ಬೇಡ, ಬೇಕಿದ್ದರೆ ಈರುಳ್ಳಿ ಬೆಳ್ಳುಳ್ಳಿಯೂ ಬೇಡ. ಸಸ್ಯಾಹಾರಿ, ಜೈನ ಊಟದ ಬೇಡಿಕೆಯನ್ನು ಟಿಕೆಟ್ ಜೊತೆಯಲ್ಲೇ ನಮೂದಿಸಬೇಕು, ಹತ್ತಿದ ಮೇಲೆ ಬಾಯಲ್ಲಿಯೂ ಹೇಳಬೇಕು. ನಾಳೆ ಏನು ಬೇಕು ಎಂಬುದನ್ನು ಇಂದಿನ ಊಟ ಮುಗಿದೊಡನೆ ತಿಳಿಸಿಬಿಟ್ಟರೆ ಅಡುಗೆಮನೆಯವರಿಗೆ ಹೊತ್ತು ಸಿಗುತ್ತದೆ. ನಮ್ಮ ಮೇಜಿನ ಹುಡುಗ ಎರಡನೇ ರಾತ್ರಿಯಿಂದ ಕೇಳುವ ಮೊದಲೇ ಬಿಳಿ ಅನ್ನ ಮತ್ತು ಸಪ್ಪೆ ಮೊಸರು ತಂದಿಡುತ್ತಿದ್ದ. ಅಮ್ಮ ಉಪ್ಪು ಹಾಕಿ ಕಲಸಿಕೊಂಡು ಊಟವನ್ನು ಮೊಸರನ್ನದಲ್ಲಿ ಮುಗಿಸುತ್ತಿದ್ದರು.

ಇನ್ನು ಬಂದರುಗಳು. ನಮ್ಮ ಹಡಗು ಮಲಕ್ಕಾ ಜಲಸಂಧಿಯ ಉದ್ದಕ್ಕೂ ಸಾಗಿ ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಮುಟ್ಟಿ ಸಿಂಗಪುರಕ್ಕೆ ಹಿಂದಿರುಗುವಂಥದ್ದು. ಮೂರಕ್ಕೂ ಊಟದ ಲೆಕ್ಕ ಬೇರೆ ಬೇರೆ.

ಪೋರ್ಟ್ ಕ್ಲಾಂಗ್ ಕೌಲಾಲಂಪುರದ ಬಂದರು, ಆದರೆ ಊರು ಅಲ್ಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯಿಂದ ಒಂದೂವರೆ ಗಂಟೆಯ ದಾರಿ. ಬಟು ಗುಹೆಯ ಸುಬ್ರಹ್ಮಣ್ಯನನ್ನು ನೋಡಬೇಕೆಂಬುದು ನಮ್ಮವರೆಲ್ಲರ ಆಸೆ. ಅದು ಕೌಲಾಲಂಪುರವನ್ನೂ ದಾಟಿ ಉತ್ತರಕ್ಕಿದೆ. ಸುಮಾರು 43 ಮೀಟರ್ ಎತ್ತರದ ಬಂಗಾರ ಬಣ್ಣದ ಮೂರ್ತಿ ಕೆಳಗೇ ಇದೆ, ಗುಹೆಗೆ 272 ಮೆಟ್ಟಿಲು. ಮಂಡಿನೋವಿನವರನ್ನು ಮೂರ್ತಿಯ ಬಳಿಯೇ ಕೂರಿಸಿ ಉಳಿದವರು ಹತ್ತಿದರೂ ಒಂದು ಗಂಟೆಗೆ ಮಿಕ್ಕಿ ಬೇಕು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಡಗು ಹೊರಡುವ ಸಮಯ ಬೇರೆ, ಎಲ್ಲರೂ ಒಳಗಿರಬೇಕಾದ ಸಮಯ ಬೇರೆ. ಎರಡನೆಯದು ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ಪ್ರತಿದಿನ ಕೋಣೆಗೆ ಬರುವ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಕಾಯುವುದಿಲ್ಲ. ಪೋರ್ಟ್ ಕ್ಲಾಂಗ್‌ನಂಥ ದೂರದ ಬಂದರಿನಲ್ಲಿ ಹಿರಿಯರೊಂದಿಗೆ ಹೋಗುವವರು ದುಡ್ಡು ಹೆಚ್ಚಾದರೂ ಹಡಗಿನ ಬಸ್ಸನ್ನೇ ಹಿಡಿಯಲಿ.

ಹಿಂದಿರುಗಿದ ಮೇಲೆ ಎಕ್ಸ್‌ರೇ ತಪಾಸಣೆ, ಲಿಫ್ಟಿನ ಮುಂದೆ ಜನ, ಕೋಣೆಗೆ ಹೋಗಿ ಸ್ನಾನ. ಐದು ಗಂಟೆಗೆ ಬಂದು ಮುಟ್ಟಿದರೂ ಆರಕ್ಕೆ ಊಟಕ್ಕೆ ಕೂರುವುದು ಹಿರಿಯರ ಮಟ್ಟಿಗೆ ಹಿಂಸೆಯೇ. ಎಂಟರ ಪಂಕ್ತಿಯಾದರೆ ಬಫೆಯಲ್ಲಿ ಒಂದು ಲೋಟ ಚಹಾ ಕುಡಿದು, ಸ್ನಾನ ಮಾಡಿ, ಕಾಲು ಚಾಚಿ ಮಲಗಿ ಏಳುವಷ್ಟು ಬಿಡುವು ಉಳಿಯುತ್ತದೆ. ಅಷ್ಟಾದರೂ ಆಯಾಸ ಎನಿಸಿದ ರಾತ್ರಿ ಸಭಾಂಗಣದ ಗೋಜೇ ಬೇಡ, ಬಫೆಯಲ್ಲಿ ತಿಂದು ಮಲಗಿ. ಮೇಜಿನವರಿಗೆ ಹಿಂದಿನ ರಾತ್ರಿಯೇ ಒಂದು ಮಾತು ಹೇಳಿದರೆ ಒಳ್ಳೆಯದು.

ಪೆನಾಂಗ್ ನನಗೆ ಎಲ್ಲಕ್ಕಿಂತ ಹಿಡಿಸಿದ ಬಂದರು. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಕಟ್ಟೆ ಜಾರ್ಜ್‌ಟೌನ್ ಊರಿನ ಅಂಚಿನಲ್ಲೇ ಇದೆ. ಇಳಿದು ನಡೆದರೆ ಊರು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಬೀದಿಗಳು, ಅವುಗಳ ನಡುವೆ ತಮಿಳರ ಲಿಟ್ಲ್ ಇಂಡಿಯಾ, ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ ಗುಡಿ. ಬಾಳೆಲೆಯ ಮೇಲೆ ಅನ್ನ, ಸಾಂಬಾರು, ರಸಂ ಬಡಿಸುವ ಸಸ್ಯಾಹಾರಿ ಹೋಟೆಲುಗಳು ಅಲ್ಲಿವೆ. ನಿಮ್ಮ ಹಡಗು ಪೆನಾಂಗ್‌ನಲ್ಲಿ ರಾತ್ರಿಯವರೆಗೆ ನಿಲ್ಲುವುದಾದರೆ ಆ ರಾತ್ರಿಯ ಹಡಗಿನ ಊಟವನ್ನು ಬಿಟ್ಟುಬಿಡಿ. ಟಿಕೆಟ್ಟಿನಲ್ಲಿ ಊಟದ ದುಡ್ಡೂ ಸೇರಿದೆ, ಬಿಟ್ಟರೆ ನಷ್ಟ ಎಂದು ಭಾವ ಬಹಳ ತಕರಾರು ತೆಗೆದಿದ್ದರು. ಬಿಸಿ ರಸಂ ಎಲೆಯ ಮೇಲೆ ಬಿದ್ದ ಮೇಲೆ ಅವರೇ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅದೇ ಹಡಗು ಬೆಳಗ್ಗೆ ಬಂದು ಸಂಜೆ ಹೊರಡುವಂಥದ್ದಾದರೆ ಮಧ್ಯಾಹ್ನದ ಊಟವನ್ನು ದಡದಲ್ಲಿ ಮಾಡಿ. ಪೆನಾಂಗ್ ಗುಡ್ಡದ ಹಗ್ಗದ ರೈಲಿನ ಆಸೆಯಿದ್ದರೆ ಅದನ್ನು ಬೆಳಗ್ಗೆಯೇ ಮುಗಿಸಿ, ಅಲ್ಲಿಯ ಸಾಲು ಹೊತ್ತು ನುಂಗುತ್ತದೆ.

ಫುಕೆಟ್‌ನಲ್ಲಿ ಎರಡು ತೊಡಕುಗಳಿವೆ. ಪತಾಂಗ್ ಕಡಲತೀರದ ಎದುರು ನಿಲ್ಲುವ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಇದಕ್ಕೆ ಟೆಂಡರ್ ಎನ್ನುತ್ತಾರೆ. ಹೋಗುವಾಗ ಚೀಟಿಯ ಸರದಿ, ಬರುವಾಗ ಬಿಸಿಲಲ್ಲಿ ಸಾಲು. ಕೊನೆಯ ದೋಣಿಗಳಿಗೆ ಜನ ಮುಗಿಬೀಳುವುದರಿಂದ ಅದಕ್ಕೆ ಒಂದೂವರೆ ಗಂಟೆ ಮುಂಚೆಯೇ ಜೆಟ್ಟಿಯಲ್ಲಿರಿ. ಆಗುಂಬೆಗೆ ಮಳೆ ಸುರಿಸುವ ಅದೇ ನೈಋತ್ಯ ಮುಂಗಾರು ಅಂಡಮಾನ್ ಸಮುದ್ರದ ಆ ತೀರವನ್ನೂ ಕಲಕುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲೆ ಜೋರಿದ್ದರೆ ದೋಣಿ ಇಳಿಸುವುದೇ ಕಷ್ಟ. ನಮ್ಮ ಕೊಯ್ಲು ಮುಗಿದು ಬರುವ ಫೆಬ್ರುವರಿ, ಮಾರ್ಚ್ ಅಲ್ಲಿಗೂ ಒಳ್ಳೆಯ ಕಾಲ.

ಎರಡನೆಯದು ಗಡಿಯಾರ. ಥಾಯ್ಲೆಂಡಿನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡಕ್ಕೆ ಇಳಿದೊಡನೆ ಮೊಬೈಲ್ ತಾನಾಗಿ ಥಾಯ್ ಸಮಯಕ್ಕೆ ತಿರುಗಿ ನಾಲ್ಕು ಗಂಟೆ ಎನ್ನುವಾಗ ಹಡಗಿನಲ್ಲಿ ಐದಾಗಿರುತ್ತದೆ. ಮೊಬೈಲನ್ನು ನಂಬಿದವರಿಗೆ ಊಟ ಮಾತ್ರವಲ್ಲ, ಹಡಗೇ ತಪ್ಪಬಹುದು. ಇಳಿಯುವ ಬಾಗಿಲಿನಲ್ಲಿ ‘ಇವತ್ತು ಯಾವ ಸಮಯ?’ ಎಂದು ಕೇಳಿಕೊಂಡೇ ಇಳಿಯಿರಿ. ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟು ಮುಟ್ಟದೆ ಬಿಡುವುದು ಎಲ್ಲಕ್ಕಿಂತ ಭದ್ರ. ಅಪ್ಪಯ್ಯನ ಹಳೆಯ ಎಚ್‌ಎಂಟಿ ಗಡಿಯಾರವನ್ನೇ ನಾವೆಲ್ಲ ನೆಚ್ಚಿಕೊಂಡಿದ್ದೆವು. ದಿನದ ಹಾಳೆಯಲ್ಲಿ ಆಯಾ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ, ಅದರ ಫೋಟೊ ತೆಗೆದುಕೊಂಡಿರಿ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ನನ್ನದು ಒತ್ತಾಯದ ಮಾತು. ಊಟಕ್ಕೆ ಮುಂಚಿನ ಮಾತ್ರೆ ಅಥವಾ ಇನ್ಸುಲಿನ್ ಯಾವ ಗಂಟೆಗೆ ಎಂಬುದನ್ನು ಪ್ರವಾಸದ ಹೊತ್ತುಗಳನ್ನು ತೋರಿಸಿ ನಿಮ್ಮ ವೈದ್ಯರಲ್ಲಿಯೇ ಕೇಳಿ ಬರೆಸಿಕೊಳ್ಳಿ. ಎಂಟರ ಪಂಕ್ತಿಯಲ್ಲಿ ಕುಳಿತ ಕೂಡಲೇ ಊಟ ಬರುವುದಿಲ್ಲ. ಸೂಪು, ಬ್ರೆಡ್ಡು ಎಂದು ಶುರುವಾಗಿ ಮುಖ್ಯ ಊಟ ಬರಲು ಅರ್ಧ ಗಂಟೆ ದಾಟಬಹುದು. ಆದ್ದರಿಂದ ಇನ್ಸುಲಿನ್ ಕೋಣೆಯಲ್ಲಿ ತೆಗೆದುಕೊಂಡು ಹೊರಡುವುದು ಅಪಾಯ. ದಡಕ್ಕೆ ಹೋಗುವಾಗ ಅಂಗಡಿಯ ಮುಚ್ಚಿದ ಬಿಸ್ಕತ್ತಿನ ಪೊಟ್ಟಣ ಚೀಲದಲ್ಲಿರಲಿ. ಬಫೆಯ ಹಣ್ಣು, ಬೇಯಿಸಿದ ತಿಂಡಿ ಹೊರಗೆ ಒಯ್ಯಬೇಡಿ, ಬಹಳಷ್ಟು ಬಂದರುಗಳಲ್ಲಿ ಅದಕ್ಕೆ ನಿಷೇಧವಿದೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಹತ್ತಿಸುವುದಿಲ್ಲ, ನೀರು ಕಾಯಿಸುವ ಕೆಟಲ್ ತೆಗೆದಿಟ್ಟುಕೊಳ್ಳುತ್ತಾರೆ. ಕೋಣೆಯಲ್ಲಿ ಗಂಜಿ ಮಾಡಿಕೊಳ್ಳುವ ಯೋಚನೆ ಬಿಡಿ. ಅಪ್ಪೆಮಿಡಿ ಉಪ್ಪಿನಕಾಯಿ ಬೇಕೇ ಬೇಕೆನ್ನುವವರು ಅಂಗಡಿಯಲ್ಲಿ ಸಿಗುವ, ಸೀಲ್ ಮಾಡಿದ ಸಣ್ಣ ಪೊಟ್ಟಣ ಕೊಳ್ಳಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸದವರು ಅದನ್ನು ಊರಿನಲ್ಲೇ ಬಿಟ್ಟು ಬರಬೇಕು, ಸಿಂಗಪುರದಲ್ಲಿ ಜಗಿಯುವ ತಂಬಾಕಿಗೆ ನಿಷೇಧವಿದೆ.

ಹಡಗಿನ ರಂಗಮಂದಿರದ ಪ್ರದರ್ಶನಕ್ಕೆ ಪಂಕ್ತಿ ಅಡ್ಡಬರುವುದಿಲ್ಲ. ಒಂದೇ ಪ್ರದರ್ಶನ ರಾತ್ರಿ ಎರಡು ಸಲ ಇರುತ್ತದೆ. ಎರಡನೇ ಪಂಕ್ತಿಯವರು ಊಟಕ್ಕೆ ಮುಂಚೆ ನೋಡಿ ಬರಬಹುದು.

ಯುರೋಪಿನಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಮೆಡಿಟರೇನಿಯನ್ ಹಡಗು ಹತ್ತುವವರಿಗೆ ಮಾತ್ರ ನನ್ನ ಸಲಹೆ ತಿರುಗುಮುರುಗು. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿನ ಎಂಟೂವರೆಯ ಊಟ ಊರಿನ ಲೆಕ್ಕದಲ್ಲಿ ನಡುರಾತ್ರಿ. ಊರಿನಿಂದ ನೇರ ಹೋಗಿ ಹತ್ತುವವರಿಗೆ ಮೊದಲ ಪಂಕ್ತಿ ಒಳ್ಳೆಯದು. ಆದರೆ ರೋಮ್‌ನ ಬಂದರಾದ ಚಿವಿತಾವೆಕ್ಕಿಯಾದಿಂದ ರೋಮ್ ಸುಮಾರು 80 ಕಿಲೋಮೀಟರ್ ದೂರ, ಹೋಗಿ ಬರುವುದರಲ್ಲೇ ದಿನ ಕಳೆದು ಆರರ ಪಂಕ್ತಿ ತಪ್ಪುತ್ತದೆ. ಅಂಥ ಕಡೆ ಹೊತ್ತು ಗೊತ್ತುಮಾಡದ ಊಟವನ್ನೇ ಆರಿಸಿ. ಮಕ್ಕಳ ಮನೆಯಲ್ಲಿ ಒಂದು ವಾರ ಇದ್ದು ಹೊಟ್ಟೆ ಅಲ್ಲಿನ ಹೊತ್ತಿಗೆ ಒಗ್ಗಿದ್ದರೆ ಯಾವುದಾದರೂ ಆದೀತು.

ಸಿಂಗಪುರಕ್ಕೂ ಅಷ್ಟೇ, ಹಡಗು ಹೊರಡುವ ಹಿಂದಿನ ದಿನವೇ ತಲುಪಿ. ಸಾಗರದಿಂದ ರಾತ್ರಿ ರೈಲು, ಬೆಂಗಳೂರಿನಲ್ಲಿ ವಿಮಾನ, ಅದೇ ದಿನ ಹಡಗು ಎಂದರೆ ಹಿರಿಯರು ಮೊದಲ ರಾತ್ರಿಯ ಊಟವನ್ನು ನೋಡದೆ ಮಲಗುತ್ತಾರೆ. ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇರುವಂಥದ್ದೇ ಎಂದೂ ನೋಡಿಕೊಳ್ಳಿ, ಹಡಗು ಸುತ್ತಿ ಮತ್ತೆ ಸಿಂಗಪುರಕ್ಕೇ ಇಳಿಯಬೇಕು.

ಎರಡನೇ ಪಂಕ್ತಿ ಆರಿಸಿದವರಿಗೆ ಕೊನೆಯ ರಾತ್ರಿಯ ಒಂದು ಎಚ್ಚರಿಕೆ. ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ರಾತ್ರಿ ಹತ್ತು, ಹನ್ನೊಂದರೊಳಗೆ ಕೋಣೆಯ ಹೊರಗೆ ಇಡಬೇಕಾಗುತ್ತದೆ. ಊಟ ಮುಗಿಸಿ ಬರುವಾಗಲೇ ಒಂಬತ್ತೂವರೆ ದಾಟಿರುತ್ತದೆ. ಹಾಗಾಗಿ ಪೆಟ್ಟಿಗೆ ಕಟ್ಟುವ ಕೆಲಸವನ್ನು ಊಟಕ್ಕೆ ಮುಂಚೆಯೇ ಮುಗಿಸಿ. ಬೆಳಗಿನ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಉಳಿಸಿಕೊಳ್ಳಿ.