ರೈಲು ಸಿಮ್ಯುಲೇಟರ್‌ನ ಸಣ್ಣ ವಿವರಗಳು: ಯಾವುದನ್ನು ಯಾವುದಕ್ಕೆ ಕಟ್ಟಬೇಕು

ರೈಲು ಸಿಮ್ಯುಲೇಟರ್‌ಗೆ ಮಾರ್ಗ, ಎಂಜಿನ್ ತಯಾರಿಸುವ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಮೊದಲು ಬರುವ ಆಸೆ ಮರ, ಮನೆ, ಕಂಬ ತುಂಬುವುದು. ಆದರೆ ಮರ ಕಡಿಮೆಯಾಯಿತೆಂದು ದೂರುವ ಆಟಗಾರರು ವಿರಳ. ಹಳಿಯ ಸದ್ದು ವೇಗಕ್ಕೆ ಹೊಂದುತ್ತಿಲ್ಲ, ಬ್ರೇಕ್ ಹಾಕಿದ ಕೂಡಲೇ ಇಡೀ ಗೂಡ್ಸ್ ನಿಂತುಬಿಡುತ್ತದೆ, ಸುರಂಗದೊಳಗೂ ಮಳೆ ಸುರಿಯುತ್ತದೆ: ಬರುವ ದೂರುಗಳು ಇಂಥವು. ಮೂರರಲ್ಲೂ ತಪ್ಪು ಒಂದೇ. ವಿವರ ಇದೆ, ಆದರೆ ಅದನ್ನು ಹುಟ್ಟಿಸುವ ದೂರ, ವೇಗ, ಒತ್ತಡ ಯಾವುದಕ್ಕೂ ಅದನ್ನು ಕಟ್ಟಿಲ್ಲ. ಹೊಸದಾಗಿ ತಂಡ ಸೇರಿದವರಿಗೆ ನಾವು ಹೇಳುವುದಿಷ್ಟು: ಪ್ರತಿ ವಿವರವನ್ನೂ ಸೇರಿಸುವ ಮುಂಚೆ ಅದು ಯಾವ ಅಂಕಿಯ ಮೇಲೆ ನಡೆಯುತ್ತದೆ ಎಂದು ಬರೆದಿಡಿ. ಬರೆಯಲು ಏನೂ ತೋಚದಿದ್ದರೆ ಅದನ್ನು ಸದ್ಯಕ್ಕೆ ಬಿಡಿ.

ಹಳಿ ಜಾಯಿಂಟ್‌ನ 'ಟಕ್‌ಟಕ್' ಸದ್ದನ್ನೇ ತೆಗೆದುಕೊಳ್ಳಿ. ಹೆಚ್ಚಿನವರು ಒಂದು ರೆಕಾರ್ಡಿಂಗನ್ನು ಲೂಪ್ ಮಾಡಿ, ವೇಗ ಏರಿದಂತೆ ಪಿಚ್ ಏರಿಸಿ ಕೈ ತೊಳೆದುಕೊಳ್ಳುತ್ತಾರೆ. ನಿಜದಲ್ಲಿ ಗಾಲಿ ಹಳಿಗೆ ಬಡಿಯುವ ಸ್ವರ ವೇಗದ ಜೊತೆ ಅಷ್ಟೇನೂ ಬದಲಾಗುವುದಿಲ್ಲ. ಹೊಡೆತಗಳ ನಡುವಿನ ಅಂತರ ಕುಗ್ಗುತ್ತದೆ, ಹೊಡೆತ ಗಟ್ಟಿಯಾಗುತ್ತದೆ. ಒಂದು ಲೆಕ್ಕ ಹಾಕೋಣ. ಹಳಿಯ ತುಂಡು 15 ಮೀಟರ್, ಕೋಚ್ 26.4 ಮೀಟರ್, ಕೋಚಿನ ಎರಡು ಟ್ರಾಲಿಗಳ (ಗಾಲಿಗಳನ್ನು ಹೊತ್ತ ಕೆಳಗಿನ ಚೌಕಟ್ಟುಗಳ) ನಡುವೆ 19 ಮೀಟರ್, ಒಂದೇ ಟ್ರಾಲಿಯ ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್ ಇರಲಿ. ವೇಗ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.67 ಮೀಟರ್. ಕೋಚಿನೊಳಗೆ ಟ್ರಾಲಿಯ ಮೇಲೆ ಕೂತವರಿಗೆ 0.15 ಸೆಕೆಂಡ್ ಅಂತರದ ಜೋಡಿ ಹೊಡೆತ ಪ್ರತಿ 0.9 ಸೆಕೆಂಡಿಗೊಮ್ಮೆ ಕೇಳುತ್ತದೆ. ಆ ಲಯವನ್ನು ತೀರ್ಮಾನಿಸುವುದು ಹಳಿಯ ಉದ್ದ. ಹಳಿಯ ಪಕ್ಕ ನಿಂತವರಿಗಾದರೋ ಜಾಯಿಂಟ್ ಒಂದೇ, ಹಾದುಹೋಗುವ ಟ್ರಾಲಿಗಳು ಬೇರೆ ಬೇರೆ. ಹಿಂದಿನ ಕೋಚಿನ ಮೊದಲ ಟ್ರಾಲಿ 7.4 ಮೀಟರ್ ದೂರದಲ್ಲಿರುವುದರಿಂದ 0.44 ಸೆಕೆಂಡಿಗೆ ಇನ್ನೊಂದು ಜೋಡಿ ಹೊಡೆತ, ಆಮೇಲೆ 1.14 ಸೆಕೆಂಡಿನ ಬಿಡುವು, ಒಟ್ಟು ಸುತ್ತು 1.58 ಸೆಕೆಂಡ್. ಹಾಗಾಗಿ ಒಳಗಿನ ಕ್ಯಾಮೆರಾಕ್ಕೂ ಹೊರಗಿನ ಕ್ಯಾಮೆರಾಕ್ಕೂ ಒಂದೇ ಲೂಪ್ ಎಂದಿಗೂ ಹೊಂದುವುದಿಲ್ಲ.

ಇದಕ್ಕೆ ದಾರಿ ಸುಲಭವಾದದ್ದೇ. ಜಾಯಿಂಟ್‌ಗಳನ್ನು ಮಾರ್ಗದ ಮೇಲೆ ನಿಜವಾದ ಬಿಂದುಗಳಾಗಿ ಇಡಿ, ಪ್ರತಿ ಆಕ್ಸಲ್ ಅವನ್ನು ದಾಟಿದಾಗ ಸದ್ದು ಹೊರಡಿಸಿ. ಇಲ್ಲಿ ಎಡವುವುದು ಫ್ರೇಮ್ ವೇಗದಲ್ಲಿ. ಗಂಟೆಗೆ 160 ಕಿ.ಮೀ.ನಲ್ಲಿ ಜೋಡಿ ಹೊಡೆತದ ಅಂತರ 56 ಮಿಲಿಸೆಕೆಂಡ್. ಸೆಕೆಂಡಿಗೆ 30 ಫ್ರೇಮ್ ಓಡುತ್ತಿದ್ದರೆ ಒಂದು ಫ್ರೇಮೇ 33 ಮಿಲಿಸೆಕೆಂಡ್. ಫ್ರೇಮ್ ಬಂದಾಗ ನೋಡಿಕೊಂಡು ಸದ್ದು ಹೊರಡಿಸಿದರೆ ಲಯ ಕುಂಟುತ್ತದೆ. ಮುಂದಿನ ಜಾಯಿಂಟ್ ಎಷ್ಟು ಮಿಲಿಸೆಕೆಂಡಿಗೆ ಬರುತ್ತದೆಂದು ಮೊದಲೇ ಲೆಕ್ಕ ಹಾಕಿ, ಆಡಿಯೊ ಎಂಜಿನ್ನಿಗೆ ಆ ಸಮಯವನ್ನು ಮುಂಗಡವಾಗಿ ಕೊಡಬೇಕು. ಕಿವಿಗೆ ಹತ್ತಿರದ ನಾಲ್ಕು ಟ್ರಾಲಿಗಳಿಗೆ ಮಾತ್ರ ಬಿಡಿ ಹೊಡೆತ ಸಾಕು, ಉಳಿದದ್ದೆಲ್ಲ ಒಂದು ಮಂದ ಗುಡುಗಾದರೂ ಯಾರೂ ದೂರುವುದಿಲ್ಲ.

ಹಳಿಯ ಉದ್ದವನ್ನು ಊಹಿಸಬೇಡಿ. ಬ್ರಿಟನ್ನಿನ ಜಾಯಿಂಟ್ ಹಳಿ ಸಾಮಾನ್ಯವಾಗಿ 60 ಅಡಿ. ಅಮೆರಿಕದಲ್ಲಿ 39 ಅಡಿ, ಏಕೆಂದರೆ ಸಾಗಿಸುವ ವ್ಯಾಗನ್ 40 ಅಡಿಯದು. ಅಲ್ಲಿ ಎಡಹಳಿಯ ಜಾಯಿಂಟ್ ಬಲಹಳಿಯ ನಡುಮಧ್ಯಕ್ಕೆ ಬರುವಂತೆ ಹಾಕುತ್ತಾರೆ. ಸದ್ದು ಎಡ ಬಲ ಅದಲುಬದಲಾಗುತ್ತದೆ, ನಿಧಾನ ವೇಗದಲ್ಲಿ ವ್ಯಾಗನ್‌ಗಳು ಅಕ್ಕಪಕ್ಕ ಓಲಾಡುತ್ತವೆ. ಬೆಸುಗೆ ಹಾಕಿದ ಹಳಿಯ ಮೇಲೆ 'ಟಕ್‌ಟಕ್' ಸದ್ದೇ ಇರಬಾರದು. ಗಾಡಿ ಹಳಿ ಬದಲಿಸುವ ಪಾಯಿಂಟ್, ಸಿಗ್ನಲ್ ಹತ್ತಿರದ ಇನ್ಸುಲೇಟೆಡ್ ಜಾಯಿಂಟ್, ಉದ್ದ ಸೇತುವೆಯ ತುದಿಯ ಎಕ್ಸ್‌ಪಾನ್ಶನ್ ಜಾಯಿಂಟ್, ಇವಿಷ್ಟು ಕಡೆ ಬಿಟ್ಟರೆ ಮೌನ.

ಎರಡನೆಯ ದೊಡ್ಡ ವಿಷಯ ಬ್ರೇಕ್. ಏರ್ ಬ್ರೇಕ್ ಪೈಪಿನಲ್ಲಿ 5 ಬಾರ್ ಒತ್ತಡ ಇರುತ್ತದೆ, ಸುಮಾರು 0.5 ಬಾರ್ ಇಳಿಸಿದರೆ ಮೊದಲ ಹಿಡಿತ, 3.5 ಬಾರ್‌ಗೆ ಇಳಿಸಿದರೆ ಪೂರ್ತಿ ಹಿಡಿತ. ಈ ಅಂಕಿಗಳನ್ನು ಎಲ್ಲರೂ ಸರಿಯಾಗಿ ಹಾಕುತ್ತಾರೆ, ಸಮಯವನ್ನು ಮರೆಯುತ್ತಾರೆ. ಯುರೋಪಿನ ನಿಯಮದಲ್ಲಿ, ಬ್ರೇಕಿನ ಆಯ್ಕೆ ಪ್ಯಾಸೆಂಜರ್ ಸ್ಥಾನದಲ್ಲಿದ್ದರೆ, ಬ್ಲಾಕನ್ನು ಒತ್ತುವ ಬ್ರೇಕ್ ಸಿಲಿಂಡರ್ 3ರಿಂದ 5 ಸೆಕೆಂಡಿನಲ್ಲಿ ತುಂಬುತ್ತದೆ, 15ರಿಂದ 20 ಸೆಕೆಂಡಿನಲ್ಲಿ ಬಿಡುತ್ತದೆ. ಗೂಡ್ಸ್ ಸ್ಥಾನದಲ್ಲಿ ತುಂಬಲು 18ರಿಂದ 30 ಸೆಕೆಂಡ್, ಬಿಡಲು 45ರಿಂದ 60 ಸೆಕೆಂಡ್. ಇಷ್ಟು ನಿಧಾನ ಬೇಕಂತಲೇ ಇಟ್ಟದ್ದು. ಬ್ರೇಕಿನ ಸುದ್ದಿ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 250 ಮೀಟರ್ ಸಾಗುತ್ತದೆ ಎಂದರೂ 700 ಮೀಟರ್ ಗಾಡಿಯ ಕೊನೆಯ ವ್ಯಾಗನ್‌ಗೆ ಅದು ತಲುಪಲು ಮೂರು ಸೆಕೆಂಡ್ ಹತ್ತಿರ ಬೇಕು. ಅಷ್ಟರಲ್ಲಿ ಮುಂದಿನವು ಗಟ್ಟಿಯಾಗಿ ಹಿಡಿದಿದ್ದರೆ ಹಿಂದಿನವು ಬಂದು ಗುದ್ದುತ್ತವೆ.

ಆಟದಲ್ಲಿ ಇದನ್ನು ತರಲು ಪ್ರತಿ ವ್ಯಾಗನ್‌ಗೂ ಬೇರೆ ಪೈಪ್ ಒತ್ತಡ, ಬೇರೆ ಸಿಲಿಂಡರ್ ಒತ್ತಡ ಇಡಿ. ಖರ್ಚು ಕಡಿಮೆ, ಒಂದು ವ್ಯಾಗನ್‌ಗೆ ಎರಡು ಸಂಖ್ಯೆ. ಇಷ್ಟಿದ್ದರೆ ಹಲವು ವಿವರ ತಾವಾಗಿಯೇ ಹುಟ್ಟುತ್ತವೆ. ಬಫರ್‌ಗಳ ಗುದ್ದಾಟದ ಸದ್ದು ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಕೊನೆಯ ವ್ಯಾಗನ್‌ಗಳು ಬ್ರೇಕ್ ಬಿಡುವ ಮುಂಚೆ ಎಳೆದರೆ ಕಪ್ಲಿಂಗ್ ತುಂಡಾಗುತ್ತದೆ. ಬ್ರೇಕ್ ಬಿಟ್ಟ ಮೇಲೆ ಪೈಪ್ ತುಂಬಲು ಮೇನ್ ರಿಸರ್ವಾಯರ್ (ಎಂಜಿನ್ನಿನ ಗಾಳಿ ತೊಟ್ಟಿ) ಒತ್ತಡ ಇಳಿಯುತ್ತದೆ, ಕಂಪ್ರೆಸರ್ ಓಡತೊಡಗುತ್ತದೆ. 8.5 ಬಾರ್‌ಗೆ ಶುರುವಾಗಿ 10ಕ್ಕೆ ನಿಲ್ಲುವಂತೆ ಇಡಿ, ನಿಂತಾಗ ಏರ್ ಡ್ರೈಯರ್ 'ಫುಸ್' ಎನ್ನಲಿ. ಪೈಪಿನಲ್ಲಿ ಸಣ್ಣ ಸೋರಿಕೆ ಇಟ್ಟರೆ ನಿಂತ ಗಾಡಿಯಲ್ಲೂ ಕಂಪ್ರೆಸರ್ ಆಗಾಗ ಎದ್ದು ಕೂರುತ್ತದೆ. ಇದೇ ಸದ್ದನ್ನು ಟೈಮರ್‌ಗೆ ಕಟ್ಟಿದರೆ ಗೇಜಿನ ಮುಳ್ಳು ನೋಡುವ ಆಟಗಾರ ಹತ್ತು ನಿಮಿಷದಲ್ಲಿ ಹಿಡಿದುಬಿಡುತ್ತಾನೆ.

ನಿಲ್ಲುವ ಕೊನೆಯ ಕೆಲವು ಮೀಟರ್ ಬೇರೆಯದೇ ಕಥೆ. ಬೀಡುಕಬ್ಬಿಣದ ಬ್ರೇಕ್ ಬ್ಲಾಕಿನ ಹಿಡಿತ ವೇಗ ಇಳಿದಂತೆ ಏರುತ್ತದೆ. 100 ಕಿ.ಮೀ. ವೇಗದಲ್ಲಿ ಇದ್ದದ್ದು ನಿಲ್ಲುವ ಹೊತ್ತಿಗೆ ಸುಮಾರು ಮೂರು ಪಟ್ಟಾಗುತ್ತದೆ. ಚಾಲಕ ಒತ್ತಡ ಸಡಿಲಿಸದೆ ಹಾಗೇ ನಿಲ್ಲಿಸಿದರೆ ಗಾಡಿ ಮುಗ್ಗರಿಸಿ, ಹಿಂದಕ್ಕೆ ಜೋಲಿ ಹೊಡೆದು ನಿಲ್ಲಬೇಕು. ಕಾಂಪೊಸಿಟ್ ಬ್ಲಾಕ್ ಅಥವಾ ಡಿಸ್ಕ್ ಆದರೆ ಹಿಡಿತ ಹೆಚ್ಚುಕಡಿಮೆ ಒಂದೇ ಸಮ. ಹಳೆಯ ಕೋಚಿಗೂ ಹೊಸ ಕೋಚಿಗೂ ಒಂದೇ ಘರ್ಷಣೆಯ ಗೆರೆ ಕೊಟ್ಟರೆ ಎರಡೂ ಬಣ್ಣ ಬದಲಿಸಿದ ಒಂದೇ ಆಟಿಕೆ.

ಗಾಲಿ ಜಾರುವುದಕ್ಕೆ, ಹಳಿಯ ಮೇಲೆ ಗಾಲಿಯ ಹಿಡಿತದ ಗುಣಾಂಕ ಕೊಡುವ ಕರ್ಟಿಯಸ್–ಕ್ನಿಫ್ಲರ್ ಸೂತ್ರ ಸಾಕು: ಕಿ.ಮೀ. ವೇಗಕ್ಕೆ 44 ಕೂಡಿಸಿ, 7.5ನ್ನು ಅದರಿಂದ ಭಾಗಿಸಿ, ಬಂದದ್ದಕ್ಕೆ 0.161 ಸೇರಿಸಿ. ನಿಂತಲ್ಲಿ 0.33, 100 ಕಿ.ಮೀ.ಗೆ 0.21 ಬರುತ್ತದೆ. ಇದು ಒಣ ಹಳಿಯದು. ಮಳೆಗೆ ಒಂದು ಗುಣಕದಿಂದ ತಗ್ಗಿಸಿ. ಓಪನ್ ರೈಲ್ಸ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಈ ಅಂಕಿಗಳನ್ನು ಎಂಜಿನ್ ಫೈಲಿನಲ್ಲೇ ಬರೆಯಬಹುದು.

ಉಗಿ ಎಂಜಿನ್ನಿನಲ್ಲಿ ಇದೇ ಜಾರುವಿಕೆ ಸದ್ದನ್ನೂ ಆಳುತ್ತದೆ. ಎರಡು ಸಿಲಿಂಡರಿನ ಎಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ 'ಛಕ್' ಎನ್ನುತ್ತದೆ, ಮೂರು ಸಿಲಿಂಡರಿನದು ಆರು ಸಲ. ಸದ್ದನ್ನು ಗಾಡಿಯ ವೇಗಕ್ಕಲ್ಲ, ಗಾಲಿಯ ಕೋನಕ್ಕೆ ಕಟ್ಟಿ. ಆಗ ಗಾಲಿ ಜಾರಿದ ಕ್ಷಣ ಗಾಡಿ ಕದಲದಿದ್ದರೂ ಛಕಛಕ ಓಡುತ್ತದೆ. 2 ಮೀಟರ್ ವ್ಯಾಸದ ಗಾಲಿಗೆ 60 ಕಿ.ಮೀ.ನಲ್ಲಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಛಕ್ ಆಗುವುದರಿಂದ ಅಲ್ಲಿಂದಾಚೆ ಬಿಡಿ ಸದ್ದುಗಳನ್ನು ಒಂದು ಮೊರೆತಕ್ಕೆ ಕರಗಿಸಿ. ಮಾಡೆಲ್ ಮಾಡುವವರು ಪದೇ ಪದೇ ಮಾಡುವ ತಪ್ಪೊಂದಿದೆ: ಒಂದು ಬದಿಯ ಕನೆಕ್ಟಿಂಗ್ ರಾಡ್‌ಗಳನ್ನು ನಕಲು ಮಾಡಿ ಇನ್ನೊಂದು ಬದಿಗೆ ಅಂಟಿಸುವುದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎಡ ಬಲದ ಕ್ರ್ಯಾಂಕ್‌ಗಳ ನಡುವೆ 90 ಡಿಗ್ರಿ ವ್ಯತ್ಯಾಸ ಇರಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಎರಡೂ ಬದಿ ತುದಿಯಲ್ಲಿ ನಿಂತಾಗ ಅಂಥ ಎಂಜಿನ್ ಹೊರಡುವುದೇ ಇಲ್ಲ.

ದೃಶ್ಯದ ವಿಷಯಕ್ಕೆ ಬಂದರೆ, ದುಡ್ಡಿಗೆ ಮೋಸವಿಲ್ಲದ ಕೆಲಸ ಹಳಿಯ ಟೆಕ್ಸ್ಚರ್. ದಿನವೂ ಗಾಡಿ ಓಡುವ ಹಳಿಯ ತಲೆ ಮಾತ್ರ ಹೊಳೆಯಬೇಕು, ಪಕ್ಕಗಳು ತುಕ್ಕು. ಅಪರೂಪಕ್ಕೆ ಬಳಸುವ ಪಕ್ಕದ ಹಳಿಯಲ್ಲಿ (ಸೈಡಿಂಗ್) ತಲೆಯೂ ಕಂದು. ಹಾಗಾಗಿ ಗಾಡಿಗಳ ವೇಳಾಪಟ್ಟಿ ನೋಡಿಕೊಂಡು ಹಳಿಗೆ ಬಣ್ಣ ಹಚ್ಚಬೇಕು. ಡೀಸೆಲ್ ಎಂಜಿನ್ ನಿಲ್ಲುವ ಜಾಗ, ಅಂದರೆ ಪ್ಲಾಟ್‌ಫಾರ್ಮಿನ ತುದಿ ಮತ್ತು ಸ್ಟೇಷನ್ ಪ್ರವೇಶದ ಹೋಮ್ ಸಿಗ್ನಲ್ ಮುಂದೆ, ಜಲ್ಲಿಯ ಮೇಲೆ ಎಣ್ಣೆಯ ಕಪ್ಪು ಕಲೆ. ಸ್ಟೇಷನ್ ಸಮೀಪಿಸುವ ಕಡೆ ಬ್ರೇಕ್ ಧೂಳಿನ ಕಂದು, ಹೊರಡುವ ಕಡೆ ಅದು ಕಡಿಮೆ.

ಸಿಗ್ನಲ್‌ಗಳಲ್ಲಿ ಹಳೆಯ ಫಿಲಮೆಂಟ್ ಬಲ್ಬು ತುಸು ತಡೆದು ಹತ್ತುತ್ತದೆ, ತಡೆದು ಆರುತ್ತದೆ, ಎಲ್‌ಇಡಿ ಫಟ್ಟನೆ. ಕೈಯಂತೆ ಏರಿಳಿಯುವ ಪಟ್ಟಿಯಿರುವ ಕೈಕಂಬದ ಸಿಗ್ನಲ್ ಸ್ಥಾನಕ್ಕೆ ಬಿದ್ದಾಗ ಒಂದೆರಡು ಸಲ ಪುಟಿಯಲಿ. ಅದರ ಹಸಿರು ಗಾಜನ್ನು ಹಗಲಿನಲ್ಲಿ ನೀಲಿಯ ಕಡೆಗೆ ವಾಲಿಸಿ: ಸೀಮೆಎಣ್ಣೆ ದೀಪದ ಹಳದಿ ಬೆಳಕು ಹಾದುಬಂದಾಗ ಹಸಿರು ಕಾಣಲೆಂದೇ ಗಾಜನ್ನು ಹಾಗೆ ಮಾಡುತ್ತಿದ್ದರು. ವಿದ್ಯುತ್ ಮಾರ್ಗದ ತಂತಿಯನ್ನು ನೇರ ಎಳೆಯಬೇಡಿ. ಕಂಬದಿಂದ ಕಂಬಕ್ಕೆ ಎಡ ಬಲ ಸುಮಾರು 20 ಸೆಂ.ಮೀ. ಅಂಕುಡೊಂಕಾಗಿ ಹೋಗಬೇಕು, ಇಲ್ಲದಿದ್ದರೆ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೊಗ್ರಾಫಿನ ಕಾರ್ಬನ್ ಪಟ್ಟಿ ಒಂದೇ ಕಡೆ ಸವೆದು ಹಳ್ಳ ಬೀಳುತ್ತದೆ.

ಕೊನೆಗೆ ಕಣ್ಣಿಗೆ ಬೀಳದ, ಆದರೆ ಎಲ್ಲವನ್ನೂ ಕೆಡಿಸಬಲ್ಲ ವಿಷಯ: ದೂರ. 32 ಬಿಟ್ ದಶಮಾಂಶ ಸಂಖ್ಯೆಗಳಲ್ಲಿ ಮೂಲಬಿಂದುವಿನಿಂದ 10 ಕಿ.ಮೀ. ಆಚೆ ಸ್ಥಾನದ ನಿಖರತೆ ಸುಮಾರು 1 ಮಿ.ಮೀ., 100 ಕಿ.ಮೀ. ಆಚೆ ಸುಮಾರು 8 ಮಿ.ಮೀ. ಅಲ್ಲಿ ಗೇಜಿನ ಮುಳ್ಳು ನಡುಗುತ್ತದೆ, ರಾಡ್‌ಗಳು ಕಂಪಿಸುತ್ತವೆ, ಕ್ಯಾಬ್ ಅದುರುತ್ತದೆ. ಗಾಡಿ ಚಲಿಸಿದಂತೆ ಮೂಲಬಿಂದುವನ್ನೂ ಜೊತೆಗೆ ಸರಿಸುತ್ತಿರಬೇಕು. ಮಾರ್ಗದ ಮೊದಲ ಸ್ಟೇಷನ್ನಿನಲ್ಲಿ ಮಾತ್ರ ಪರೀಕ್ಷಿಸುವ ತಂಡಕ್ಕೆ ಈ ದೋಷ ಕಾಣುವುದೇ ಇಲ್ಲ. ಪರೀಕ್ಷೆಯನ್ನು ಮಾರ್ಗದ ದೂರದ ತುದಿಯಿಂದ ಶುರುಮಾಡಿ.

ಫ್ರೇಮ್ ಸಾಲದೆ ಏನಾದರೂ ಕತ್ತರಿಸಬೇಕಾದರೆ 200 ಮೀಟರ್ ಆಚೆಯ ಪೊದೆ, ಹುಲ್ಲು, ಬೇಲಿಗಳಿಂದ ಶುರುಮಾಡಿ. ಆಮೇಲೆ ನೆರಳಿನ ರೆಸಲ್ಯೂಶನ್, ಅದರಾಚೆ ದೂರದ ವ್ಯಾಗನ್‌ಗಳ ಕೆಳಭಾಗ. ವ್ಯಾಗನ್‌ಗೆ ಎರಡರಂತೆ ಇರುವ ಒತ್ತಡದ ಸಂಖ್ಯೆಗಳನ್ನು ತೆಗೆದರೆ ಗ್ರಾಫಿಕ್ಸ್ ಕಾರ್ಡಿಗೆ ಯಾವ ಲಾಭವೂ ಇಲ್ಲ, ಅವು ಅಲ್ಲಿ ಓಡುವುದೂ ಇಲ್ಲ.