ರಂಗೋಲಿ ಬರೆಯುವ ಯಂತ್ರಕ್ಕೆ ತಂತ್ರಾಂಶ ಕೂರಿಸಿದ್ದು

ಅಮ್ಮನ ರಂಗೋಲಿ ಪುಸ್ತಕವೆಂದರೆ ಗೆರೆಯಿಲ್ಲದ ಇನ್ನೂರು ಪುಟದ ಒಂದು ಹಳೆಯ ನೋಟ್‌ಬುಕ್ಕು. ಪ್ರತಿ ಪುಟದ ತಲೆಯಲ್ಲಿ ‘15 ಚುಕ್ಕಿ, ಸಂದುಚುಕ್ಕಿ, 8ರ ತನಕ’ ಎಂಬಂಥ ಒಂದು ಸಾಲಿದೆ; ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ಎಳೆಗಳಿವೆ. ಆ ಪೆನ್ಸಿಲ್ ಗೆರೆಗಳು ವರ್ಷದಿಂದ ವರ್ಷಕ್ಕೆ ಮಾಸುತ್ತಿರುವುದರಿಂದ ಅವನ್ನೆಲ್ಲ ಗಟ್ಟಿ ಕಾಗದದ ಮೇಲೆ ಶಾಯಿಯಲ್ಲಿ ಮತ್ತೆ ಬರೆಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪ್ರಿಂಟ್ ತೆಗೆಸಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು, ನಿಜ. ಆದರೆ ರಂಗೋಲಿಯ ಜೀವ ಇರುವುದು ಕೈ ನಡೆದ ದಾರಿಯಲ್ಲಿ. ಆ ದಾರಿಯಲ್ಲೇ ಒಂದು ಪೆನ್ನು ನಡೆದು ಬರೆಯಬೇಕೆಂಬ ಹಟ ನನ್ನದು. ಹಾಗಾಗಿ ಅಳೆದಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ಸ್ಟೆಪ್ಪರ್ ಮೋಟಾರು, ಯಂತ್ರವನ್ನು ನಿಯಂತ್ರಿಸುವ ಚಿಪ್ ಇರುವ ಒಂದು ಆರ್ಡುಯಿನೋ ಊನೋ ಮಾದರಿಯ ಬೋರ್ಡು, ಮೋಟಾರುಗಳನ್ನು ಜೋಡಿಸಲು ಅದರ ಮೇಲೆ ಕೂರುವ ಸಿಎನ್‌ಸಿ ಶೀಲ್ಡು, ಪೆನ್ನನ್ನು ಎತ್ತಿ ಇಳಿಸಲು ಒಂದು ಪುಟ್ಟ ಸರ್ವೋ ಮೋಟಾರು, ಇಷ್ಟನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು, ಎ3 ಹಾಳೆಯ ಮೇಲೆ ಬರೆಯಬಲ್ಲ ಒಂದು ಯಂತ್ರವನ್ನು ಮನೆಯಲ್ಲೇ ಕಟ್ಟಿದೆ.

ಜೋಡಣೆ ಎರಡು ಭಾನುವಾರಗಳಲ್ಲಿ ಮುಗಿಯಿತು. ತಂತ್ರಾಂಶಕ್ಕೆ ಮೂರು ವಾರದ ಸಂಜೆಗಳು ಹಿಡಿದವು. ಯಾವುದೋ ಒಂದು ಪ್ರೋಗ್ರಾಮನ್ನು ಇಳಿಸಿಕೊಂಡು ಗುಂಡಿ ಒತ್ತಿದರೆ ಯಂತ್ರ ಬರೆಯತೊಡಗುತ್ತದೆ ಎಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ತಂತ್ರಾಂಶಗಳಿವೆ: ಕಂಪ್ಯೂಟರು ಬೋರ್ಡನ್ನು ಗುರುತಿಸುವಂತೆ ಮಾಡುವ ಡ್ರೈವರು, ಬೋರ್ಡಿನೊಳಗೇ ಕುಳಿತು ಮೋಟಾರುಗಳನ್ನು ತಿರುಗಿಸುವ ಫರ್ಮ್‌ವೇರ್, ಅದಕ್ಕೆ ಒಂದೊಂದೇ ಸಾಲಿನ ಆಜ್ಞೆಯನ್ನು ಕಳಿಸುವ ಪ್ರೋಗ್ರಾಮು, ಮತ್ತು ಚಿತ್ರವನ್ನು ಆ ಆಜ್ಞೆಗಳ ಭಾಷೆಯಾದ ಜಿ-ಕೋಡ್‌ಗೆ ಇಳಿಸುವ ಉಪಕರಣ. ಒಂದರ ತಪ್ಪು ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದರಿಂದ, ಯಂತ್ರಕ್ಕೆ ಅತಿ ಹತ್ತಿರವಿರುವುದನ್ನು ಮೊದಲು ಕೂರಿಸಿ, ಅದು ಸರಿಯಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ನಾನು ಎಲ್ಲವನ್ನೂ ಒಂದೇ ಸಂಜೆ ಕೂರಿಸಿಬಿಟ್ಟು, ಆಮೇಲೆ ಎಲ್ಲಿ ಕೆಟ್ಟಿದೆ ಎಂದು ತಿಳಿಯದೆ ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಆರಂಭಿಸಿದೆ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸಿನ ಒಂದು ರೂಪವಾದ ಉಬುಂಟು 22.04. ಕಡಿಮೆ ಬೆಲೆಯ ಊನೋ ಬೋರ್ಡುಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಾಮಾನ್ಯವಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ. ಲಿನಕ್ಸಿನಲ್ಲಿ ಅದರ ಡ್ರೈವರು ಮೊದಲೇ ಇರುವುದರಿಂದ ಬೇರೆ ಏನನ್ನೂ ಹಾಕಬೇಕಾಗಿಲ್ಲ. ಆದರೂ ನನ್ನ ಬೋರ್ಡು ಚುಚ್ಚಿದ ಒಂದು ಕ್ಷಣ ಕಾಣಿಸಿಕೊಂಡು ತಕ್ಷಣ ಮಾಯವಾಗುತ್ತಿತ್ತು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಬೋರ್ಡೇ ಸುಟ್ಟಿರಬೇಕೆಂದು ಇನ್ನೊಂದನ್ನು ತರಲು ಹೊರಟಿದ್ದೆ. ಕೊನೆಗೆ ಕರ್ನಲ್ ಸಂದೇಶಗಳನ್ನು ಸಾಲು ಸಾಲಾಗಿ ಓದಿದಾಗ ಕಾರಣ ತಿಳಿಯಿತು. ದೃಷ್ಟಿಹೀನರು ಬಳಸುವ ಬ್ರೈಲ್ ಪರದೆಗಳಿಗಾಗಿ ಉಬುಂಟುವಿನಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಇರುತ್ತದೆ. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ ಚಿಪ್ ಇರುವುದರಿಂದ ಅದು ನನ್ನ ಬೋರ್ಡನ್ನು ತನ್ನದೆಂದು ಭಾವಿಸಿ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಬ್ರೈಲ್ ಪರದೆ ಬಳಸುವವರು ಇಲ್ಲದ್ದರಿಂದ ಆ ಸೇವೆಯನ್ನು ತೆಗೆದುಹಾಕಿದೆ. ಬಳಸುವವರಿದ್ದರೆ ತೆಗೆಯಬಾರದು, ಈ ಒಂದು ಚಿಪ್ಪಿಗೆ ಸಂಬಂಧಿಸಿದ ನಿಯಮವನ್ನು ಮಾತ್ರ ಬದಲಿಸಬೇಕು. ಅದರ ಜೊತೆಗೆ ನನ್ನ ಬಳಕೆದಾರ ಹೆಸರನ್ನು, ಇಂಥ ಪೋರ್ಟುಗಳನ್ನು ಬಳಸಲು ಅನುಮತಿ ಇರುವ ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬರಬೇಕಾಯಿತು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಗುಂಪಿಗೆ ಸೇರಿದ್ದು ಜಾರಿಗೆ ಬರುವುದಿಲ್ಲ.

ಇನ್ನು ಫರ್ಮ್‌ವೇರ್. ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಆರಂಭಿಸಿದರು; ಆಮೇಲೆ ಅದನ್ನು ಮುಖ್ಯವಾಗಿ ಬೆಳೆಸಿದವರು ಸನ್ನಿ ಜಿಯೋನ್. ಕೇವಲ 32 ಕಿಲೋಬೈಟ್ ಜಾಗ, 2 ಕಿಲೋಬೈಟ್ ಸ್ಮರಣೆ ಇರುವ ಒಂದು ಚಿಪ್ಪಿನೊಳಗೆ ಎರಡು ಮೂರು ಮೋಟಾರುಗಳ ವೇಗವನ್ನು ಏರಿಸಿ ಇಳಿಸಿ, ಮುಂದಿನ ತಿರುವುಗಳನ್ನು ಮೊದಲೇ ಲೆಕ್ಕ ಹಾಕಿ ನಡೆಸುವ ಆ ಪ್ರೋಗ್ರಾಮಿನ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅದು ಕೊರೆಯುವ, ಕತ್ತರಿಸುವ ಯಂತ್ರಗಳಿಗಾಗಿ ಹುಟ್ಟಿದ್ದು. ಅದಕ್ಕೆ ಪೆನ್ನು ಗೊತ್ತಿಲ್ಲ, ಕೊರೆಯುವ ಮೊನೆಯನ್ನು ತಿರುಗಿಸುವ ಸ್ಪಿಂಡಲ್ ಮಾತ್ರ ಗೊತ್ತು. ಸ್ಪಿಂಡಲ್ಲಿಗೆಂದು ಅದು ಹೊರಡಿಸುವ ಸಂಕೇತದ ಆವರ್ತನ ಸುಮಾರು 1 ಕಿಲೋಹರ್ಟ್ಸ್; ಸರ್ವೋ ಮೋಟಾರು ಬಯಸುವುದು ಸುಮಾರು 50 ಹರ್ಟ್ಸ್. ಹಾಗಾಗಿ ಮೂಲ ಜಿಆರ್‌ಬಿಎಲ್ ಹಾಕಿದಾಗ ನನ್ನ ಸರ್ವೋ ಗುಂಯ್‌ಗುಡುತ್ತ ಬಿಸಿಯಾಯಿತೇ ಹೊರತು ಅಲುಗಲಿಲ್ಲ. ಈ ಆವರ್ತನವನ್ನು 61 ಹರ್ಟ್ಸಿಗೆ ಇಳಿಸಿದ, ಸರ್ವೋಗೆಂದೇ ಮಾರ್ಪಡಿಸಿದ ಜಿಆರ್‌ಬಿಎಲ್ ರೂಪಾಂತರಗಳಿವೆ. ಅಂಥ ಒಂದನ್ನು, ಬೋರ್ಡಿಗೆ ಪ್ರೋಗ್ರಾಮು ಬರೆದು ಏರಿಸುವ ತಂತ್ರಾಂಶವಾದ ಆರ್ಡುಯಿನೋ ಐಡಿಇ ಮೂಲಕ ಏರಿಸಿದೆ. ಈ ಲೆಕ್ಕದಲ್ಲಿ ಸರ್ವೋಗೆ ಸಿಗುವ ಸೂಕ್ಷ್ಮತೆ ಕಡಿಮೆ: ಒಂದು ಹೆಜ್ಜೆಗೆ 64 ಮೈಕ್ರೋಸೆಕೆಂಡು, ಅಂದರೆ 1ರಿಂದ 2 ಮಿಲಿಸೆಕೆಂಡಿನ ಸಂಕೇತದ ನಡುವೆ ಸುಮಾರು ಹದಿನಾರು ಸ್ಥಾನಗಳು. ಪೆನ್ನು ಎತ್ತುವುದಕ್ಕೆ ಒಂದು, ಇಳಿಸುವುದಕ್ಕೆ ಒಂದು, ಎರಡೇ ಸ್ಥಾನ ಸಾಕಾದ ಕಾರಣ ಅದರಿಂದ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಶೀಲ್ಡಿನ ಮೇಲಿನ ಬರಹ. ನನ್ನಲ್ಲಿರುವ ಮೂರನೆಯ ಆವೃತ್ತಿಯ ಶೀಲ್ಡು ಹಳೆಯ ಜಿಆರ್‌ಬಿಎಲ್‌ಗೆ ತಕ್ಕಂತೆ ಅಚ್ಚಾಗಿರುವುದರಿಂದ, ಸರ್ವೋದ ಸಂಕೇತದ ತಂತಿಯನ್ನು ಸ್ಪಿಂಡಲ್ ಎಂದು ಬರೆದಿರುವ ಪಿನ್ನಿಗೆ ಕೊಡದೆ, ಝಡ್ ಎಂಡ್‌ಸ್ಟಾಪ್ ಎಂದು ಬರೆದಿರುವ ಪಿನ್ನಿಗೆ ಕೊಡಬೇಕು.

ಏರಿಸುವ ಕೆಲಸ ಮುಗಿದ ಮೇಲೆ, ಬೋರ್ಡಿನೊಡನೆ ಮಾತಾಡಲು ಅದೇ ಐಡಿಇಯಲ್ಲಿರುವ ಸೀರಿಯಲ್ ಮಾನಿಟರಿನಲ್ಲಿ ವೇಗವನ್ನು 115200ಕ್ಕೆ ಇಟ್ಟರೆ ಜಿಆರ್‌ಬಿಎಲ್ ತನ್ನ ಹೆಸರು, ಆವೃತ್ತಿ ಹೇಳಿ ನಮಸ್ಕರಿಸುತ್ತದೆ. ಅಲ್ಲಿ ಎರಡು ಡಾಲರ್ ಚಿಹ್ನೆ ಒತ್ತಿದರೆ ಎಲ್ಲ ಸೆಟ್ಟಿಂಗುಗಳೂ ಪಟ್ಟಿಯಾಗಿ ಬರುತ್ತವೆ. ಅವುಗಳಲ್ಲಿ ಮುಖ್ಯವಾದವು $100 ಮತ್ತು $101, ಅಂದರೆ ಒಂದು ಮಿಲಿಮೀಟರ್ ಸರಿಯಲು ಮೋಟಾರು ಎಷ್ಟು ಹೆಜ್ಜೆ ಹಾಕಬೇಕೆಂಬ ಲೆಕ್ಕ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ; ಶೀಲ್ಡಿನ ಜಂಪರುಗಳಿಂದ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಬೆಲ್ಟಿನ ಹಲ್ಲುಗಳ ಅಂತರ 2 ಮಿಲಿಮೀಟರ್, ಪುಲ್ಲಿಗೆ 20 ಹಲ್ಲು, ಆದ್ದರಿಂದ ಒಂದು ಸುತ್ತಿಗೆ 40 ಮಿಲಿಮೀಟರ್. 3200ನ್ನು 40ರಿಂದ ಭಾಗಿಸಿದರೆ 80. ಎರಡೂ ಕಡೆ 80 ಕೊಟ್ಟು ಒಂದು ವೃತ್ತ ಬರೆಸಿದಾಗ ಬಂದದ್ದು ಮೊಟ್ಟೆಯಾಕಾರ. ಸ್ಟೀಲ್ ಸ್ಕೇಲ್ ಇಟ್ಟು ಅಳೆದರೆ ಅಡ್ಡಕ್ಕೆ 100, ಉದ್ದಕ್ಕೆ 80 ಮಿಲಿಮೀಟರ್ ಇತ್ತು. ಎರಡನೆಯ ಪುಲ್ಲಿಯ ಹಲ್ಲುಗಳನ್ನು ಸೂಜಿಯ ಮೊನೆಯಿಂದ ಎಣಿಸಿದೆ: ಹದಿನಾರು. ಆ ಕಡೆಗೆ 100 ಹೆಜ್ಜೆ ಕೊಟ್ಟೆ, ವೃತ್ತ ವೃತ್ತವಾಯಿತು. ಇನ್ನೆರಡು ಸೆಟ್ಟಿಂಗುಗಳನ್ನು ಪೆನ್ನಿನ ಯಂತ್ರ ಕಟ್ಟುವವರು ಮರೆಯಬಾರದು. $1ನ್ನು 255 ಮಾಡಿದರೆ ಮೋಟಾರುಗಳು ನಿಂತಾಗಲೂ ಬಿಗಿಯಾಗಿರುತ್ತವೆ, ಪೆನ್ನು ಇಳಿಯುವ ಅದುರಿಗೆ ಜಾರುವುದಿಲ್ಲ. $32 ಸೊನ್ನೆಯಾಗಿರಬೇಕು, ಅದು ಲೇಸರಿಗೆ ಮೀಸಲು, ಅದು ಚಾಲೂ ಇದ್ದರೆ ಪೆನ್ನು ಏಳುವುದಕ್ಕೂ ಯಂತ್ರ ನಿಲ್ಲುವುದಿಲ್ಲ.

ಆಜ್ಞೆ ಕಳಿಸುವುದಕ್ಕೆ ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಇಳಿಸಿಕೊಂಡೆ. ಅದನ್ನು ಕೂರಿಸುವುದು ಸುಲಭ. ಆರ್ಡುಯಿನೋ ಐಡಿಇಯ ಸೀರಿಯಲ್ ಮಾನಿಟರನ್ನು ಮುಚ್ಚಿರಬೇಕು ಅಷ್ಟೆ, ಒಂದು ಪೋರ್ಟನ್ನು ಇಬ್ಬರು ಹಿಡಿಯಲಾಗುವುದಿಲ್ಲ. ಆದರೆ ಇಲ್ಲಿ ನನ್ನ ನಾಲ್ಕು ಸಂಜೆಗಳು ಹೋದವು. ಚಿತ್ರ ಅರ್ಧವಾಗುವಷ್ಟರಲ್ಲಿ ಯಂತ್ರ ನಿಂತುಬಿಡುತ್ತಿತ್ತು, ಪರದೆಯಲ್ಲಿ ಜಿಆರ್‌ಬಿಎಲ್‌ನ ನಮಸ್ಕಾರದ ಸಾಲು ಮತ್ತೊಮ್ಮೆ ಕಾಣಿಸುತ್ತಿತ್ತು. ಪ್ರೋಗ್ರಾಮಿನ ದೋಷವೆಂದು ಬೇರೆ ಆವೃತ್ತಿಗಳನ್ನು ಹಾಕಿ ತೆಗೆದೆ. ಆಮೇಲೆ ಗಮನಿಸಿದೆ: ಯಂತ್ರ ನಿಲ್ಲುತ್ತಿದ್ದದ್ದು ಪ್ರತಿ ಸಲವೂ ಪೆನ್ನು ಮೇಲೇಳುವ ಹೊತ್ತಿನಲ್ಲಿ. ಸರ್ವೋ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಬೋರ್ಡಿನ 5 ವೋಲ್ಟ್ ತಾಳಲಾರದೆ ಕುಸಿದು, ಚಿಪ್ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಸರ್ವೋಗೆ ಹಳೆಯ ಮೊಬೈಲ್ ಚಾರ್ಜರಿನಿಂದ ಬೇರೆಯೇ 5 ವೋಲ್ಟ್ ಕೊಟ್ಟು, ಎರಡರ ಗ್ರೌಂಡ್ ತಂತಿಗಳನ್ನು ಸೇರಿಸಿದ ಮೇಲೆ ಆ ನಮಸ್ಕಾರ ನಡುವೆ ಎಂದೂ ಬರಲಿಲ್ಲ. ಸೆಂಡರ್ ಪ್ರೋಗ್ರಾಮಿನಲ್ಲಿ ಅನಿರೀಕ್ಷಿತವಾಗಿ ಆ ಸಾಲು ಕಂಡವರು ಮೊದಲು ತಂತಿಗಳನ್ನೇ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಉಳಿದದ್ದು ಚಿತ್ರ. ಪುಸ್ತಕದ ಪುಟದ ಫೋಟೋವನ್ನು, ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಹಿನ್ನೆಲೆಗೆ ಇಟ್ಟು, 10 ಮಿಲಿಮೀಟರಿಗೊಂದರಂತೆ ಚುಕ್ಕಿಗಳನ್ನು ಹಾಕಿದೆ. ಹದಿನೈದರಿಂದ ಎಂಟರ ತನಕ ಎರಡೂ ಬದಿಗೆ ಇಳಿದರೆ ಒಟ್ಟು 169 ಚುಕ್ಕಿ. ಅವುಗಳ ಸುತ್ತ ಎಳೆಗಳನ್ನು ಅಮ್ಮ ಎಳೆದ ಕ್ರಮದಲ್ಲೇ ಪೆನ್ ಟೂಲಿನಿಂದ ಬಿಡಿಸಿದೆ. ಹೀಗೆ ಗೆರೆಗಳಾಗಿ ಉಳಿಸಿದ ಚಿತ್ರದ ಎಸ್‌ವಿಜಿ ಕಡತವನ್ನು ಜಿ-ಕೋಡ್ ಮಾಡಲು ವಿಪೈಪ್ ಎಂಬ ಪೈಥಾನ್ ಉಪಕರಣವನ್ನೂ ಅದರ ಜಿ-ಕೋಡ್ ಪ್ಲಗಿನ್ನನ್ನೂ, ಪೈಥಾನ್ ಉಪಕರಣಗಳನ್ನು ಪ್ರತ್ಯೇಕವಾಗಿ ಕೂರಿಸುವ ಪಿಪ್ಎಕ್ಸ್ ಮೂಲಕ ಹಾಕಿಕೊಂಡೆ. ಈಚಿನ ಉಬುಂಟು ಆವೃತ್ತಿಗಳು ಪೈಥಾನಿನ ಮಾಮೂಲಿ ಪಿಪ್ ಅನ್ನು ನೇರವಾಗಿ ಬಳಸಲು ಬಿಡುವುದೂ ಇಲ್ಲ. ಪ್ಲಗಿನ್ನಿನ ಸಂರಚನಾ ಕಡತದಲ್ಲಿ ಗೆರೆ ಆರಂಭವಾಗುವಾಗ ಪೆನ್ನು ಇಳಿಸುವ ಎಂ3 ಆಜ್ಞೆ, ಸರ್ವೋ ಚಲಿಸಿ ಮುಗಿಸಲು ಜಿ4 ಆಜ್ಞೆಯಿಂದ 0.2 ಸೆಕೆಂಡಿನ ವಿರಾಮ, ಗೆರೆ ಮುಗಿದಾಗ ಮತ್ತೆ ಎತ್ತುವ ಆಜ್ಞೆ, ಇಷ್ಟನ್ನು ಬರೆದುಕೊಟ್ಟೆ.

ನೇರ ಗೆರೆಗಳು ನಯವಾಗಿ ಬಂದವು, ತಿರುವುಗಳಲ್ಲಿ ಮಾತ್ರ ಯಂತ್ರ ತಡವರಿಸುತ್ತಿತ್ತು. ಲೆಕ್ಕ ಹಾಕಿದಾಗ ಅರ್ಥವಾಯಿತು. ವಿಪೈಪ್ ವಕ್ರರೇಖೆಗಳನ್ನು ಸುಮಾರು 0.1 ಮಿಲಿಮೀಟರಿನ ತುಣುಕುಗಳಾಗಿ ಒಡೆಯುತ್ತದೆ. ನಾನು ಕೊಟ್ಟಿದ್ದ ವೇಗ ಸೆಕೆಂಡಿಗೆ 50 ಮಿಲಿಮೀಟರ್. ಅಂದರೆ ಸೆಕೆಂಡಿಗೆ 500 ಸಾಲು. ಒಂದು ಸಾಲಿಗೆ ಸುಮಾರು 20 ಅಕ್ಷರವೆಂದರೆ 10,000 ಅಕ್ಷರ, ಆದರೆ 115200ರ ವೇಗದಲ್ಲಿ ತಂತಿಯೊಳಗೆ ಹಾಯುವುದೇ ಸೆಕೆಂಡಿಗೆ 11,520. ತಂತಿ ಬಹುತೇಕ ತುಂಬಿ, ಚಿಪ್ಪಿಗೆ ಮುಂದಿನ ಸಾಲು ಸಮಯಕ್ಕೆ ತಲುಪುತ್ತಿರಲಿಲ್ಲ. ಲೈನ್‌ಸಿಂಪ್ಲಿಫೈ ಎಂಬ ಆಜ್ಞೆ ಸೇರಿಸಿ, ಕಣ್ಣಿಗೆ ಕಾಣದ ತುಣುಕುಗಳನ್ನು ಒಂದುಗೂಡಿಸಿದ ಮೇಲೆ ತಿರುವುಗಳು ಎಣ್ಣೆ ಸುರಿದಂತೆ ಹರಿದವು.

ರಂಗೋಲಿಯ ಕೆಳಗೆ ಅಮ್ಮನ ಕೈಬರಹದ ಸಾಲನ್ನೂ ಬರೆಸಿದಾಗ ಇನ್ನೊಂದು ತಪ್ಪು ಹೊರಬಿತ್ತು: ಅಕ್ಷರಗಳು ಕನ್ನಡಿಯಲ್ಲಿ ನೋಡಿದಂತೆ ತಲೆಕೆಳಗಾಗಿದ್ದವು. ಎಸ್‌ವಿಜಿಯಲ್ಲಿ ವೈ ಅಕ್ಷ ಕೆಳಮುಖ, ಯಂತ್ರದಲ್ಲಿ ಮೇಲ್ಮುಖ. ರಂಗೋಲಿ ಎಲ್ಲ ಕಡೆಯಿಂದಲೂ ಒಂದೇ ಸಮ ಇದ್ದುದರಿಂದ ಅಷ್ಟು ದಿನ ಇದು ಕಣ್ಣಿಗೆ ಬಿದ್ದಿರಲಿಲ್ಲ. ಸಂರಚನೆಯಲ್ಲಿ ಲಂಬವಾಗಿ ಮಗುಚುವ ಒಂದು ಸಾಲು ಸೇರಿಸಿ ಸರಿಪಡಿಸಿದೆ.

ಕನ್ನಡ ಅಕ್ಷರಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಕ್‌ಸ್ಕೇಪಿನಲ್ಲಿ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿ ಟೈಪಿಸಿದರೆ ಒತ್ತಕ್ಷರಗಳೆಲ್ಲ ಸರಿಯಾಗಿಯೇ ಕೂಡುತ್ತವೆ, ಆದರೆ ಪೆನ್ನು ಬರೆಯುವುದು ಅಕ್ಷರದ ಹೊರಗೆರೆಯನ್ನು. ಒಂದು ಗೆರೆ ಇರಬೇಕಾದಲ್ಲಿ ಎರಡು ದಡಗಳು ಬರುತ್ತವೆ. ಇಂಗ್ಲಿಷಿಗೆ 1967ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದ ಅಲೆನ್ ಹರ್ಶಿ ರೂಪಿಸಿದ ಏಕರೇಖೆಯ ಅಕ್ಷರಗಳಿವೆ, ಇಂಕ್‌ಸ್ಕೇಪಿನೊಳಗೇ ಅವು ಸಿಗುತ್ತವೆ. ಅವುಗಳಲ್ಲಿ ಕನ್ನಡವಿಲ್ಲ, ಇದ್ದರೂ ಆ ಉಪಕರಣ ಒಂದೊಂದೇ ಅಕ್ಷರವನ್ನು ಸಾಲಾಗಿ ಜೋಡಿಸುವುದರಿಂದ ‘ಕ್ಕಿ’ ಬರೆಯಲು ಅದಕ್ಕೆ ಬರುವುದಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಸದ್ಯಕ್ಕೆ ನಾನು ಕಂಡುಕೊಂಡ ದಾರಿ ಎಂದರೆ, ದಪ್ಪ ಪೆನ್ನಿನಲ್ಲಿ ಅಮ್ಮನಿಂದಲೇ ಸಾಲನ್ನು ಬರೆಸಿ, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪಿನ ಸೆಂಟರ್‌ಲೈನ್ ಟ್ರೇಸಿಂಗ್‌ನಿಂದ ನಡುಗೆರೆ ಪಡೆಯುವುದು. ಗೆರೆಗಳು ಒಂದನ್ನೊಂದು ಮುಟ್ಟುವ ಕಡೆಗಳಲ್ಲಿ, ಮುಖ್ಯವಾಗಿ ತಲೆಕಟ್ಟು ಕೂಡುವಲ್ಲಿ, ಸಣ್ಣ ಕವಲುಗಳು ಹುಟ್ಟುತ್ತವೆ. ಅವನ್ನು ಕೈಯಿಂದ ಒಂದೊಂದಾಗಿ ಅಳಿಸಬೇಕು.

ಮೊದಲ ಪೂರ್ಣ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಎಳೆಯ ಜಾಡು ಹಿಡಿದು ಪೂರ್ತಿ ಒಂದು ಸುತ್ತು ಹೋಗಿ ಬಂದರು. ಆಮೇಲೆ, “ಎಳೆಯೆಲ್ಲ ಸರಿಯಾಗಿದೆ ಕಣೋ. ಆದರೆ ಕೂಡಿಸಿದ ಜಾಗವೆಲ್ಲ ಒಂದೇ ಕಡೆ ಸಾಲಾಗಿ ಕಾಣ್ತಿದೆ ನೋಡು” ಎಂದರು. ಪೆನ್ನು ಇಳಿದು 0.2 ಸೆಕೆಂಡು ನಿಲ್ಲುವಲ್ಲಿ ಶಾಯಿ ಒಂದು ಸೂಜಿಮೊನೆಯಷ್ಟು ಹರಡುತ್ತದೆ. ಸುತ್ತಿ ಬಂದು ಮುಚ್ಚುವ ಎಳೆಗಳನ್ನೆಲ್ಲ ನಾನು ಎಡಬದಿಯಿಂದಲೇ ಆರಂಭಿಸಿದ್ದರಿಂದ ಆ ಮಚ್ಚೆಗಳು ಅಲ್ಲಿಯೇ ಸಾಲುಗಟ್ಟಿದ್ದವು. ವಿಪೈಪಿನಲ್ಲಿ ರೀಲೂಪ್ ಎಂಬ ಆಜ್ಞೆ ಇದೆ, ಮುಚ್ಚಿದ ಗೆರೆಗಳ ಆರಂಭದ ಬಿಂದುವನ್ನು ಅದು ಎಲ್ಲೆಂದರಲ್ಲಿಗೆ ಚದುರಿಸುತ್ತದೆ. ವಿರಾಮವನ್ನು 0.1ಕ್ಕೆ ಇಳಿಸಿ, ಅದನ್ನೂ ಸೇರಿಸಿ, ಅದೇ ಪುಟವನ್ನು ರಾತ್ರಿ ಮತ್ತೆ ಬರೆಸಿದೆ. ಬೆಳಿಗ್ಗೆ ಅಮ್ಮ ಕೂಡಿಸಿದ ಜಾಗವನ್ನು ಹುಡುಕಿ, ಎರಡನ್ನು ಮಾತ್ರ ಕಂಡುಹಿಡಿದರು.